ಅಡಿಯಂಚು

ರೊಕಿಯಾ ಬುಟ್ಟಿಯಿಂದ ಮೊದಲು ತೆಗೆದದ್ದು ಅರಿಸಿನದ ಡಬ್ಬಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ತಂದಿದ್ದ ಚಹಾ, ಚೀಲದ ಬಾಯಿಗೆ ಕೆಂಪು ದಾರ. ಆಮೇಲೆ ಹಳೆಯ ಜಾಮ್ ಬಾಟಲಿಯಲ್ಲಿ ಮೆಣಸಿನಕಾಯಿ, ಒಣ ಸಿಗಡಿ ಕುಟ್ಟಿ ಮಾಡಿದ ಸಂಬಲ್, ಅದರ ಮೇಲೆ ಒಂದು ಬೆರಳು ಕೆಂಪೆಣ್ಣೆ. ಒಂದೊಂದನ್ನೂ ಅಡುಗೆಕಟ್ಟೆ ಮಾರುವ ಶೋರೂಮಿನ ಹಾಲುಬಿಳುಪಿನ ಕಟ್ಟೆಯ ಮೇಲೆ, ನಿಶ್ಚಿತಾರ್ಥಕ್ಕೆ ವೀಳ್ಯದ ತಟ್ಟೆ ಜೋಡಿಸುವವಳ ಹಾಗೆ, ಸಾಲಾಗಿ ಇಟ್ಟಳು.

"ಚಿಕ್ಕಮ್ಮ, ಇಲ್ಲಿ ತಿನ್ನೋ ಪದಾರ್ಥ ತರೋ ಹಾಗಿಲ್ಲ," ಅಂದ ಮಾರಾಟದ ಹುಡುಗ ಲಿಯೋಂಗ್.

"ತಿನ್ನೋಕಲ್ಲಪ್ಪ, ಬಳಿಯೋಕೆ," ಅಂದಳು ರೊಕಿಯಾ.

ಅವಳ ಮಗ ಹಜ್ವಾನ್ ಗಾಜಿನ ಬಾಗಿಲ ಪಕ್ಕದಲ್ಲಿ, ಕುಂಡದ ಗಿಡವೊಂದರ ಹಿಂದೆ ಅರ್ಧ ಮರೆಯಾಗಿ ನಿಂತಿದ್ದ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಇನ್ನೂ ಗೊತ್ತಾಗಿರಲಿಲ್ಲ. ಅವನ ಸಿಟ್ಟೇ ಹಾಗೆ, ಅದು ಮೊದಲು ಬಂದುಬಿಡುತ್ತಿತ್ತು, ಕಾರಣ ಹಿಂದಿನ ಬಸ್ಸಿಗೆ ಬರುತ್ತಿತ್ತು. ಹಬ್ಬಕ್ಕೆ ಹೊಲಿಸಿದ್ದ ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದ, ಮುಂಗೈ ಮೇಲಿನ ಗ್ರೈಂಡರಿನ ಗಾಯದ ಗೆರೆಗಳು ಕಾಣಬಾರದೆಂದು. ಈ ಕಟ್ಟಡದ ಹಿಂಭಾಗದ ಯಾರ್ಡಿನಲ್ಲಿ ಅವನು ಮೂರು ವರ್ಷದಿಂದ ಕ್ವಾರ್ಟ್ಜ್ ಸ್ಲ್ಯಾಬು ಕೊಯ್ಯುತ್ತಿದ್ದ. ಈ ಶೋರೂಮಿಗೆ ಬಂದಿದ್ದೂ ಉಂಟು, ಆದರೆ ಹಿಂಬಾಗಿಲಿಂದ, ಹೆಗಲ ಮೇಲೆ ಕಲ್ಲು ಹೊತ್ತು, ಅಂಗಡಿ ತೆರೆಯುವ ಮುಂಚೆ. ಯಾರ್ಡಿನವರು ಗಿರಾಕಿಗಳ ಕಣ್ಣಿಗೆ ಬೀಳಬಾರದೆಂಬುದು ಇಲ್ಲಿಯ ಕಾನೂನು. ಬಿಳಿ ಕಲ್ಲು ಬೇಕು, ಬಿಳಿ ಪುಡಿ ಮೆತ್ತಿಕೊಂಡ ಮನುಷ್ಯ ಬೇಡ.

ಇವತ್ತು ಮುಂದಿನ ಗಾಜಿನ ಬಾಗಿಲು ಅವನು ಮುಟ್ಟುವ ಮೊದಲೇ ತಾನಾಗಿ ತೆರೆದುಕೊಂಡಿತ್ತು. ಅದಕ್ಕೂ ಅವನಿಗೆ ಸಿಟ್ಟು ಬಂದಿತ್ತು.

ಜಗಳ ಶುರುವಾಗಿದ್ದು ಹೋದ ವಾರ. ತಾನು ಅಡುಗೆ ಮಾಡುವ ಶಾಲೆಯ ಕ್ಯಾಂಟೀನಿನ ಗೆಳತಿಯರ ಚೀಟಿ ಹಣ ಈ ಸಲ ರೊಕಿಯಾಳ ಸರದಿಗೆ ಬಂದಿತ್ತು, ಅಡುಗೆಮನೆಗೆ ಹೊಸ ಕಟ್ಟೆ ಹಾಕಿಸುತ್ತೇನೆ ಅಂದಿದ್ದಳು. ಈಗಿರುವ ಕಟ್ಟೆ ಹಜ್ವಾನನ ಅಪ್ಪ ಬದುಕಿದ್ದಾಗ ಒಂದು ಭಾನುವಾರ ತಾನೇ ಸಿಮೆಂಟು ಕಲಸಿ ಟೈಲ್ಸು ಅಂಟಿಸಿದ್ದು. ಮೇಲೆ ಚೆಂದ, ಕೆಳಗೆ ಗರಗಸ. ಒರೆಸುವಾಗ ಬಟ್ಟೆಯ ಜೊತೆ ಬೆರಳೂ ಅಂಚಿನ ಅಡಿಗೆ ಹೋಗುತ್ತದಲ್ಲ, ಅಲ್ಲಿ ಕೊಯ್ಯುತ್ತಿತ್ತು. ರೊಕಿಯಾಳ ಬಲಗೈಯ ನಡುಬೆರಳಲ್ಲಿ ಒಂದು ಗೀರು ಇಪ್ಪತ್ತು ವರ್ಷದಿಂದ ಮಾಯುತ್ತಲೂ ಇತ್ತು, ತೆರೆಯುತ್ತಲೂ ಇತ್ತು.

"ಕೊಂಡ್ಕೊಳ್ಳೋದ್ಯಾಕೆ? ಯಾರ್ಡಲ್ಲಿ ಉಳಿದ ತುಂಡು ರಾಶಿ ಬಿದ್ದಿದೆ. ಎರಡು ಕಡೆ ಜೋಡಿಸಿ ಕೂಡಿಸ್ತೀನಿ, ನಿನ್ನ ಕಣ್ಣಿಗೂ ಗೆರೆ ಕಾಣಲ್ಲ," ಅಂದಿದ್ದ ಹಜ್ವಾನ್.

"ನಾನು ಶೋರೂಮಿಗೆ ಹೋಗಿ, ಕೂತು, ನೋಡಿ ಆರಿಸ್ತೀನಿ."

"ಏನ್ ಆರಿಸ್ತೀಯ? ಎಲ್ಲಾ ಒಂದೇ ಅಮ್ಮ. ಕಲ್ಲಿನ ಪುಡಿ, ಅಂಟು, ಬಣ್ಣ. ಹಿಂದಿನ ಸ್ಟಿಕ್ಕರ್ ಕಿತ್ತುಹಾಕಿದ್ರೆ ಹೆತ್ತ ಕಂಪನಿಗೂ ಅದರ ಗುರುತು ಸಿಗಲ್ಲ. ಬ್ರ್ಯಾಂಡಂತೆ ಬ್ರ್ಯಾಂಡು."

"ಒಂದೇ ಇರಲಿ. ಆದ್ರೂ ಆರಿಸ್ತೀನಿ."

ಅಷ್ಟು ಹೇಳಿ ಅವಳು ಮೀನು ತೊಳೆಯುವುದಕ್ಕೆ ಕೂತಿದ್ದಳು. ಅವಳು ಉಟ್ಟದ್ದು ಅಕ್ಕ ಉಟ್ಟು ಬಿಟ್ಟದ್ದು, ಬೇಯಿಸಿದ್ದು ಬೇರೆಯವರ ಮಕ್ಕಳಿಗೆ, ಉಂಡದ್ದು ಅವರು ಉಂಡು ಮಿಕ್ಕಿದ್ದು. ಇದನ್ನು ಅವಳು ಎಂದೂ ಹೇಳಿದವಳಲ್ಲ. ಹಜ್ವಾನನಿಗೆ ಅದು ತಾನಾಗಿ ಹೊಳೆದದ್ದು ರಾತ್ರಿ ಹಾಸಿಗೆಯಲ್ಲಿ, ಹೊಳೆದ ಮೇಲೆ ತನ್ನ ಮೇಲೇ ಸಿಟ್ಟು ಬಂದು ನಿದ್ದೆ ಹಾರಿಹೋಯಿತು. ಬೆಳಿಗ್ಗೆ, "ಆಯ್ತು, ಶನಿವಾರ ಕರ್ಕೊಂಡು ಹೋಗ್ತೀನಿ. ಆದ್ರೆ ನಾನು ಅಲ್ಲಿ ಕೆಲಸ ಮಾಡೋನು ಅಂತ ಬಾಯಿ ಬಿಡಬೇಡ," ಅಂದ. ಬಾಯಿ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅಮ್ಮನನ್ನು ಕೂರಿಸುವ ಬದಲು ಹಿಂದಿನ ಯಾರ್ಡಿಗೆ ಕಳಿಸುತ್ತಾರೆ.

"ನಾನ್ಯಾಕೆ ಬಿಡ್ಲಿ? ನಿನ್ನ ಬಾಯಿ ನೋಡ್ಕೋ," ಅಂದಿದ್ದಳು ಅವಳು.

ಹೀಗೆ ಬೈಕಿನ ಮೇಲೆ, ಸುಣ್ಣಕಲ್ಲಿನ ಗುಡ್ಡ ಸುತ್ತಿ, ಈಪೋ ಪೇಟೆಯ ಸಿಗ್ನಲ್ಲುಗಳನ್ನೆಲ್ಲ ದಾಟಿ ಬಂದಿದ್ದರು. ಹಿಂದೆ ಕೂತ ರೊಕಿಯಾಳ ಬುಟ್ಟಿ ಪ್ರತಿ ರಸ್ತೆಯುಬ್ಬಿಗೂ ಅವನ ಬೆನ್ನಿಗೆ ಗುದ್ದುತ್ತಿತ್ತು. "ಏನಿದೆ ಅದರಲ್ಲಿ, ಲಾರಿ ಎಂಜಿನ್ನಾ?" ಅಂತ ಕೇಳಿದ್ದ. ಅವಳು ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಲಿಯೋಂಗ್ ಕೆಟ್ಟವನಲ್ಲ, ಕಟ್ಟೆಯಷ್ಟೇ ಪಾಲಿಶು ಆಗಿದ್ದ, ಅಷ್ಟೆ. ಅಂಗೈ ಅಗಲದ ಮೂರು ಸ್ಯಾಂಪಲ್ ತಂದಿಟ್ಟು ಶುರುಮಾಡಿದ. ಒಂದು ಒಲಿವಾರ್ಡೊ, ಇಟಲಿಯದು. ಇನ್ನೊಂದು ಸೆನೊಕ್ರಿಸ್ಟ್, ಕೊರಿಯಾದ್ದು. ಮೂರನೆಯದು ಬಿಳಿಹಂಸ, ಇದೇ ದೇಶದ ಜೊಹೋರಿನಲ್ಲಿ ತಯಾರಾದದ್ದು. ಅದನ್ನು ಮಾತ್ರ ಮೇಜಿನ ತುದಿಗೆ ತಳ್ಳಿ ಇಟ್ಟ, ಮದುವೆ ಫೋಟೋದಲ್ಲಿ ಬಡ ನೆಂಟನನ್ನು ನಿಲ್ಲಿಸುವ ಹಾಗೆ.

"ಹೆಸರು ನನ್ನ ನಾಲಿಗೆಗೆ ಹೊರಳಲ್ಲಪ್ಪ," ಅಂದಳು ರೊಕಿಯಾ. "ಇವನು ಇಟಲಿಯೋನು. ಇವಳು ಕೊರಿಯಾದವಳು, ಮುಖ ನೋಡು, ಧಾರಾವಾಹಿಲಿ ಬರೋ ಹುಡುಗಿ ಹಾಗೇ ಇದ್ದಾಳೆ, ಒಂದು ಕಲೆ ಇಲ್ಲ. ಇವನು ನಮ್ಮೂರಿನೋನು. ಹೇಳು, ಯಾರ ಗುಣ ಏನು?"

ಲಿಯೋಂಗ್ ಬಾಯಿಪಾಠ ಒಪ್ಪಿಸಿದ. ಇಟಲಿಯೋನ ಮೈಯೊಳಗಿನ ಬೂದು ನರ ಒಂದು ಸ್ಲ್ಯಾಬಿನ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಕೊರಿಯಾದವಳು ನೀರು ಕುಡಿಯುವುದೇ ಇಲ್ಲ. ನಮ್ಮೂರಿನೋನು, ಪರವಾಗಿಲ್ಲ, ಬಾಡಿಗೆ ಮನೆಗಳಿಗೆಲ್ಲ ಹಾಕುತ್ತಾರೆ. ಮೂವರ ಮೇಲೂ ಬಿಸಿ ಪಾತ್ರೆ ನೇರವಾಗಿ ಇಡಬಾರದು, ಅದೊಂದು ಬಿಟ್ಟರೆ ಯಾವುದಕ್ಕೂ ಜಗ್ಗುವುದಿಲ್ಲ.

"ಅರಿಸಿನಕ್ಕೆ?"

"ಏನೂ ಆಗಲ್ಲ ಚಿಕ್ಕಮ್ಮ."

"ಹಾಗಾದ್ರೆ ಬಳಿಯೋಕೆ ನಿಂಗೇನಪ್ಪ ಭಯ?"

ಮೂರು ಸ್ಯಾಂಪಲ್ ಮೇಲೂ ಅವಳು ಎಣ್ಣೆಯಲ್ಲಿ ಕಲಸಿದ ಅರಿಸಿನ ಒಂದು ಬೊಟ್ಟು, ಚಹಾ ಒಂದು ಬೊಟ್ಟು, ಸಂಬಲ್ ಒಂದು ಬೊಟ್ಟು ಇಟ್ಟಳು. ಇಟ್ಟು, "ಹದಿನೈದು ನಿಮಿಷ ಇರಲಿ," ಅಂತ ಕೈಗಡಿಯಾರ ನೋಡಿಕೊಂಡಳು. ಒಣ ಸಿಗಡಿಯ ವಾಸನೆ ಎಸಿ ಗಾಳಿಯನ್ನು ಹತ್ತಿ ಇಡೀ ಶೋರೂಮು ಸುತ್ತಿ ಬಂತು. ಆ ಕಡೆ ನಲ್ಲಿಗಳನ್ನು ನೋಡುತ್ತಿದ್ದ ಚೀನೀ ಹೆಂಗಸೊಬ್ಬಳು ಮೂಗು ಎತ್ತಿಕೊಂಡೇ ಈ ಕಡೆ ಬಂದಳು. ಅರವತ್ತು ದಾಟಿದ ವಯಸ್ಸು, ಗುಂಗುರು ಮಾಡಿಸಿದ ಕೂದಲು, ಕಾಲಲ್ಲಿ ಹವಾಯಿ ಚಪ್ಪಲಿ.

"ಅಕ್ಕ, ಈ ಸಂಬಲ್ ನಿಮ್ಮದಾ?"

"ನಂದೇ. ಗಂಡು ನೋಡೋಕೆ ಬಂದಿದ್ದೀವಿ, ಬರೀ ಕೈಲಿ ಬರೋದು ಹೇಗೆ ಅಂತ."

ಆ ಹೆಂಗಸು ರೊಕಿಯಾ ಕೂತಿದ್ದ ಕುರ್ಚಿಯ ಪಕ್ಕದ ಇನ್ನೊಂದು ಎತ್ತರದ ಕುರ್ಚಿ ಎಳೆದು ಹತ್ತಿ ಕೂತೇಬಿಟ್ಟಳು. ಹೆಸರು ಕ್ವಾನ್, ಎಲ್ಲರೂ ಆಂಟಿ ಕ್ವಾನ್ ಅನ್ನುತ್ತಾರೆ ಅಂತ ಅವಳೇ ಹೇಳಿದಳು. ನಾಲ್ಕು ವಾರದಿಂದ ಇಂಥ ಆರು ಶೋರೂಮು ಸುತ್ತಿದ್ದಳಂತೆ. ಸೊಸೆಗೆ ಬಿಳಿಯೇ ಬೇಕಂತೆ. "ಆಸ್ಪತ್ರೆ ಕಟ್ಟಿಸ್ತಿದ್ದೀಯಾ ಅಂದೆ. ಮೂರು ದಿನ ಮಾತು ಬಿಟ್ಲು, ಬಹಳ ಆರಾಮಾಗಿತ್ತು," ಅಂದಳು.

ರೊಕಿಯಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ನಕ್ಕಳು. ಆಂಟಿ ಕ್ವಾನ್ ಇಟಲಿಯ ಸ್ಯಾಂಪಲನ್ನು ಉಗುರಿನಿಂದ ಕೆರೆದು ನೋಡಿ, "ಇವನು ಬರೀ ಶೋಕಿ. ಮೈಮೇಲೆ ನರ ಬೇರೆ. ನಮ್ಮನೇಲಿರೋ ಮುದುಕನ ನರಾನೇ ಸಾಕಾಗಿದೆ," ಅಂದಳು. ಲಿಯೋಂಗನಿಗೂ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದ. ಗಿಡದ ಹಿಂದೆ ಹಜ್ವಾನನ ಸಿಟ್ಟು ಒಂದು ಕ್ಷಣ ದಾರಿ ತಪ್ಪಿತು. ಅಮ್ಮ ಹೀಗೆ ಎತ್ತರದ ಕುರ್ಚಿಯ ಮೇಲೆ ಕಾಲು ಜೋಲಾಡಿಸಿಕೊಂಡು ಕೂತದ್ದನ್ನು ಅವನು ನೋಡಿದ್ದೇ ಇಲ್ಲ. ಅವಳ ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ.

"ಗಟ್ಟಿ ಇದೆಯಾ?" ಅಂತ ರೊಕಿಯಾ ಕೇಳಿದಳು.

"ಸುತ್ತಿಗೆ ತಗೊಂಡು ಹೊಡೀರಿ ಚಿಕ್ಕಮ್ಮ, ಬೇಕಾದ್ರೆ," ಅಂದ ಲಿಯೋಂಗ್. ಇಷ್ಟು ಹೊತ್ತಿಗೆ ಅವನಿಗೂ ಹುರುಪು ಬಂದಿತ್ತು.

ರೊಕಿಯಾ ಕುರ್ಚಿಯಿಂದ ಇಳಿದಳು. ಬುಟ್ಟಿಯ ತಳಕ್ಕೆ ಎರಡೂ ಕೈ ಹಾಕಿ, ಉಸಿರು ಕಟ್ಟಿ, ಕಪ್ಪು ಕಲ್ಲಿನ ಕುಟ್ಟಾಣಿಯನ್ನು ಮೇಲೆತ್ತಿದಳು. ಬೆನ್ನಿಗೆ ಗುದ್ದುತ್ತಿದ್ದದ್ದು ಏನೆಂದು ಹಜ್ವಾನನಿಗೆ ಆಗ ಗೊತ್ತಾಯಿತು. ಅವಳು ಅದನ್ನು ದೀಪಗಳ ಕೆಳಗಿದ್ದ ಇಟಲಿಯ ದೊಡ್ಡ ಕಟ್ಟೆಯ ತುದಿಗೆ, ಅಡಿಗೆ ಕುರ್ಚಿ ಸರಿಸಲೆಂದು ಮುಂದಕ್ಕೆ ಚಾಚಿದ್ದ ಭಾಗದ ಮೇಲೆ ಇಟ್ಟು, ನಾಲ್ಕು ಒಣಮೆಣಸಿನಕಾಯಿ ಹಾಕಿ, ಗುಂಡುಕಲ್ಲು ಎತ್ತಿದಳು.

"ಅಲ್ಲಿ ಬೇಡ," ಅಂದ ಹಜ್ವಾನ್. ಗಿಡದ ಹಿಂದಿನಿಂದ ಅವನು ಯಾವಾಗ ಹಾರಿ ಬಂದನೋ ಅವನಿಗೇ ತಿಳಿಯದು. ಕುಟ್ಟಾಣಿಯನ್ನು ಎದೆಗವಚಿ ಎತ್ತಿ ಎರಡು ಅಡಿ ಈಚೆಗೆ ಇಟ್ಟ. "ಅಲ್ಲಿ ಕೆಳಗೆ ಕಬ್ಬಿಣದ ಪಟ್ಟಿ ಇಲ್ಲ. ಹೊಡೆದ್ರೆ ಅಡ್ಡಕ್ಕೆ ಸೀಳು ಬಿಡುತ್ತೆ. ಇಲ್ಲಿ ಹೊಡಿ."

ಲಿಯೋಂಗ್ ಅವನ ಮುಖ ನೋಡಿದ, ಆಮೇಲೆ ಕೈ ನೋಡಿದ. ಅಂಗಿಯ ತೋಳು ಮೇಲೆ ಸರಿದಿತ್ತು.

"ನಿಂಗೆ ಹೇಗೆ ಗೊತ್ತು, ಕೆಳಗೆ ಪಟ್ಟಿ ಇಲ್ಲ ಅಂತ?" ಅಂದವನು, ತಾನೇ ಉತ್ತರ ಕಂಡುಕೊಂಡ. "ನೀನು ನಮ್ಮ ಯಾರ್ಡಿನೋನಲ್ವಾ? ಕೊಯ್ಯೋ ಮಷೀನಿನ ಹತ್ರ ಇರ್ತೀಯಲ್ಲ?"

ರೊಕಿಯಾ ಗುಂಡುಕಲ್ಲು ಕೈಯಲ್ಲೇ ಹಿಡಿದು ಮಗನನ್ನು ನೋಡಿದಳು. ಮಾತು ಉಳಿಸಿಕೊಂಡವಳು ಅವಳು, ಮುರಿದವನು ಅವನು.

ಲಿಯೋಂಗನ ಮುಖ ಸಡಿಲವಾಯಿತು. ನಿಜಕ್ಕೂ ಉಪಕಾರ ಮಾಡುವವನ ಹಾಗೆ, ಸ್ಯಾಂಪಲುಗಳನ್ನು ಒಟ್ಟುಮಾಡುತ್ತ ಹೇಳಿದ: "ಮೊದ್ಲೇ ಹೇಳೋದಲ್ವಾ ಚಿಕ್ಕಮ್ಮ, ಇಷ್ಟೆಲ್ಲಾ ಯಾಕೆ ಕಷ್ಟ ಪಟ್ರಿ. ಹಿಂದೆ ಉಳಿದ ತುಂಡು ಬೇಕಾದಷ್ಟಿದೆ. ಮಗನ ಜೊತೆ ಹಿಂದಕ್ಕೆ ಹೋಗಿ, ನಿಮಗೆ ಬೇಕಾದ್ದು ಎತ್ಕೊಳ್ಳಿ. ನಾನು ಮೇಸ್ತ್ರಿಗೆ ಹೇಳ್ತೀನಿ."

ಹಜ್ವಾನನ ಕಿವಿ ಕಾದವು. ಈ ಸಲ ಸಿಟ್ಟೂ ಕಾರಣವೂ ಒಂದೇ ಬಸ್ಸಿನಲ್ಲಿ ಬಂದಿಳಿದಿದ್ದವು. ತಾನು ಮನೆಯಲ್ಲಿ ಹೇಳಿದ್ದೇ ಮಾತು, ಅಕ್ಷರ ಅಕ್ಷರ, ಇವನ ಬಾಯಲ್ಲಿ. ಕುಟ್ಟಾಣಿ ಎತ್ತಿ ಇಟಲಿಯ ನಟ್ಟನಡುವಿಗೆ ಕುಕ್ಕಿಬಿಡಬೇಕು ಅನಿಸಿತು. ಕೈ ಕಲ್ಲಿನ ಮೇಲೇ ಇತ್ತು.

ರೊಕಿಯಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಇಟ್ಟು ಲಿಯೋಂಗನಿಗೆ, ಕ್ಯಾಂಟೀನಿನಲ್ಲಿ ಸಾಲು ಮುರಿದು ಬಂದ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದಳು: "ಹಿಂದುಗಡೆ ನನ್ನ ಮಗ ಇರ್ತಾನಪ್ಪ. ನಾನು ಮುಂದಿನ ಬಾಗಿಲಿಂದ ಬಂದಿದ್ದೀನಿ. ಆ ಸ್ಯಾಂಪಲ್ ಇಲ್ಲೇ ಇಡು, ಇನ್ನೂ ಹದಿನೈದು ನಿಮಿಷ ಆಗಿಲ್ಲ."

"ಆರು ನಿಮಿಷ ಬಾಕಿ ಇದೆ," ಅಂದಳು ಆಂಟಿ ಕ್ವಾನ್, ತನ್ನ ಗಡಿಯಾರ ನೋಡಿ. "ನಾನೂ ಕಾಯ್ತಿದ್ದೀನಿ. ಅಷ್ಟರಲ್ಲಿ ಇಬ್ಬರಿಗೂ ಚಹಾ ತರಿಸು ಲಿಯೋಂಗ್. ಆ ಯಂತ್ರದ್ದಲ್ಲ, ಎದುರು ಅಂಗಡೀದು."

ಚಹಾ ಬಂತು. ಲಿಯೋಂಗ್ ಕೆಂಪೇರಿದ ಮುಖದಲ್ಲಿ ಹಜ್ವಾನನಿಗೂ ಒಂದು ಲೋಟ ಕೊಟ್ಟ, ಕುರ್ಚಿ ತೋರಿಸಿದ. ಹಜ್ವಾನ್ ಕೂರಲಿಲ್ಲ. ಚಹಾ ಮಾತ್ರ ಕುಡಿದ, ಚಹಾ ಏನು ತಪ್ಪು ಮಾಡಿತ್ತು.

ಹದಿನೈದು ನಿಮಿಷವಾದ ಮೇಲೆ ರೊಕಿಯಾ ಒದ್ದೆ ಬಟ್ಟೆಯಿಂದ ಒಂದೊಂದೇ ಬೊಟ್ಟು ಒರೆಸಿದಳು. ನಾಲ್ಕು ತಲೆ ಬಗ್ಗಿದವು. ಇಟಲಿಯೋನ ಮೇಲೆ ನೊಣದ ಕಾಲಿನಷ್ಟು ಹಳದಿ, ಬುಟ್ಟಿಯಲ್ಲಿದ್ದ ನಿಂಬೆ ತೆಗೆದು ತಿಕ್ಕಿದ್ದಕ್ಕೆ ಅದೂ ಹೋಯಿತು. ಕೊರಿಯಾದವಳೂ ಚೊಕ್ಕಟ. ನಮ್ಮೂರಿನೋನೂ ಚೊಕ್ಕಟ. ಮೂವರೂ ಮುಖ ತೊಳೆದು ಶಾಲೆಗೆ ಹೊರಟ ಮಕ್ಕಳ ಹಾಗೆ ಬೆಳ್ಳಗೆ ಮಲಗಿದ್ದರು.

"ನಾನು ಹೇಳ್ಲಿಲ್ವಾ," ಅಂದ ಹಜ್ವಾನ್. ಹೇಳಿದ ಕೂಡಲೇ ಯಾಕಾದರೂ ಹೇಳಿದೆನೋ ಅನಿಸಿತು. ಅಮ್ಮನ ಮುಖ ಸಣ್ಣದಾಗಿತ್ತು. ಆರಿಸಲಿಕ್ಕೆಂದು ಇಷ್ಟು ದೂರ ಬಂದು, ಆರಿಸಲಿಕ್ಕೆ ಏನೂ ಇಲ್ಲದೆ ಹೋದರೆ, ಹಿಂದಿನ ರಾಶಿಗೂ ಈ ದೀಪಗಳಿಗೂ ಏನು ವ್ಯತ್ಯಾಸ.

ರೊಕಿಯಾ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಆಮೇಲೆ ಕುಟ್ಟಾಣಿ ಇಟ್ಟಿದ್ದ ಇಟಲಿಯ ಕಟ್ಟೆಯ ಮೇಲೆ ಉದುರಿದ್ದ ಮೆಣಸಿನ ಬೀಜಗಳನ್ನು, ಬೇರೆಯವರ ಮನೆ ಕೊಳೆ ಮಾಡಿ ಹೋಗಬಾರದಲ್ಲ ಎಂಬಂತೆ, ಒರೆಸತೊಡಗಿದಳು. ಮೇಲೆ ಒರೆಸಿ ಅಂಚಿಗೆ ಬಂದಳು. ಅಭ್ಯಾಸದ ಮೇಲೆ ಬೆರಳು ಅಡಿಗೆ ಸರಿಯಿತು. ಚಟ್ಟನೆ ಕೈ ಹಿಂದೆಗೆದಳು.

ನಡುಬೆರಳನ್ನು ನೋಡಿಕೊಂಡಳು. ರಕ್ತ ಬಂದಿರಲಿಲ್ಲ. ಇಟಲಿಯ ಕಟ್ಟೆಯನ್ನು ಹೊಸದಾಗಿ ನೋಡುವವಳ ಹಾಗೆ ಒಮ್ಮೆ ನೋಡಿದಳು. ಕಿಟಕಿಯ ಹತ್ತಿರವಿದ್ದ ಕೊರಿಯಾದ ಕಟ್ಟೆಗೆ ಹೋದಳು. ಅದರ ಮೇಲ್ಮೈಯನ್ನು ಮುಟ್ಟಲೂ ಇಲ್ಲ, ನೇರ ಅಡಿಗೆ ಕೈ. "ಊಹೂಂ," ಅಂದಳು. ಆಂಟಿ ಕ್ವಾನ್ ಬಂದು ತಾನೂ ಕೈ ಹಾಕಿ, "ಅಯ್ಯೋ, ಹಲಸಿನ ಸಿಪ್ಪೆ ಇದ್ದ ಹಾಗಿದೆ. ನಾಲ್ಕು ವಾರದಲ್ಲಿ ನಂಗಿದು ಹೊಳೀಲೇ ಇಲ್ವಲ್ಲ," ಅಂದಳು.

ಶೌಚಾಲಯದ ಬಾಗಿಲ ಪಕ್ಕದ ಮೂಲೆಯಲ್ಲಿ ಬಿಳಿಹಂಸದ ಚಿಕ್ಕ ಕಟ್ಟೆಯಿತ್ತು. ಮೇಲೆ ಯಾರೋ ಕರಪತ್ರಗಳ ಕಟ್ಟು ಇಟ್ಟಿದ್ದರು. ರೊಕಿಯಾ ಆ ಕಡೆ ನಡೆದಾಗ ಹಜ್ವಾನ್ ತುಟಿಗೆ ತಂದಿದ್ದ ಲೋಟವನ್ನು ಕೆಳಗಿಳಿಸಿದ.

ಅದು ಅವನು ಸೇರಿದ ಮೊದಲ ತಿಂಗಳು ಮಾಡಿದ್ದು, ಒಬ್ಬನೇ. ಮೇಲ್ಮೈಯ ಕೆಲಸ ಕಂಪನಿ ಮಾಡಿ ಕಳಿಸಿರುತ್ತದೆ, ಮುಂದಿನ ಅಂಚನ್ನು ಯಾರ್ಡಿನಲ್ಲಿ ಉಜ್ಜುತ್ತಾರೆ, ಅಡಿಯಂಚನ್ನು ಯಾರೂ ಉಜ್ಜುವುದಿಲ್ಲ. ಅವನು ಉಜ್ಜಿದ್ದ. ಸ್ಲ್ಯಾಬು ಮಗುಚಿ, ನೀರು ಬಿಟ್ಟುಕೊಂಡು, ಒರಟು ಬಿಲ್ಲೆಯಿಂದ ಶುರುಮಾಡಿ ನಯದ ಬಿಲ್ಲೆಯವರೆಗೆ, ಅರ್ಧ ದಿನ. ಮೇಸ್ತ್ರಿ ಬಂದು, "ಅಡಿಗೆ ಬಗ್ಗಿ ಯಾವ ಗಿರಾಕಿ ನೋಡ್ತಾನೋ ದಡ್ಡ, ಬೆಕ್ಕಿಗೆ ಮಾಡ್ತಿದ್ದೀಯಾ?" ಅಂತ ಎಲ್ಲರೆದುರು ಬೈದಿದ್ದ. ಅಂದಿನಿಂದ ಅವನು ಕೇಳಿದಷ್ಟೇ ಉಜ್ಜುತ್ತಿದ್ದ, ಹಲ್ಲು ಕಚ್ಚಿಕೊಂಡು.

ರೊಕಿಯಾ ಅಂಚಿನಡಿ ಬೆರಳಿಟ್ಟಳು. ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದಳು. ವಾಪಸು ಬಂದಳು, ಈ ಸಲ ನಿಧಾನ, ಕಣ್ಣು ಮುಚ್ಚಿಕೊಂಡು. ಅವಳ ತುಟಿ ಏನನ್ನೋ ಅಂದುಕೊಂಡಿತು.

"ಇದು," ಅಂದಳು.

"ಚಿಕ್ಕಮ್ಮ, ಅದು ಬಾಡಿಗೆ ಮನೆಗೆ..." ಅಂತ ಲಿಯೋಂಗ್ ಶುರುಮಾಡಿದ.

"ಕಲ್ಲು ಯಾವುದಾದ್ರೂ ಹಾಕು. ನಮ್ಮೂರಿನೋನೇ ಇರಲಿ, ಪಾಪ, ಮೂಲೇಲಿ ನಿಲ್ಸಿದ್ದೀರಿ. ಆದ್ರೆ ಇದರ ಅಡಿ ಮಾಡಿದೋನು ಯಾರೋ, ಅವನೇ ನಂದೂ ಮಾಡ್ಬೇಕು. ಹಾಗಂತ ಆರ್ಡರ್ ಚೀಟೀಲಿ ಬರಿ."

"ನಂದೂ," ಅಂದಳು ಆಂಟಿ ಕ್ವಾನ್. "ಬಿಳಿಯೋ ಕರಿಯೋ ಸೊಸೆ ನೋಡ್ಕೊಳ್ಲಿ. ಅಡಿ ಮಾತ್ರ ಇವನೇ."

ಲಿಯೋಂಗ್ ಬಗ್ಗಿ, ಟೈ ಜೋಲುತ್ತಿರಲು, ಕಟ್ಟೆಯ ಅಡಿಗೆ ಕೈ ಹಾಕಿ ನೋಡಿದ. ನಾಲ್ಕು ವರ್ಷದಿಂದ ಕಟ್ಟೆ ಮಾರುತ್ತಿದ್ದವನು ಮೊದಲ ಸಲ ಒಂದರ ಅಡಿ ಮುಟ್ಟಿದ್ದ. ಎದ್ದು ನಿಂತು ತಲೆ ಕೆರೆದುಕೊಂಡ. "ಇದು ಯಾರು ಮಾಡಿದ್ದೋ ಗೊತ್ತಿಲ್ವಲ್ಲ. ಯಾರ್ಡಲ್ಲಿ ವಿಚಾರಿಸ್ಬೇಕು." ಹಜ್ವಾನನ ಕಡೆ ತಿರುಗಿದ. "ನಿಂಗೇನಾದ್ರೂ ಗೊತ್ತಾ ಅಣ್ಣ, ಯಾರು ಅಂತ?"

ಮೂರು ವರ್ಷದಲ್ಲಿ ಈ ಶೋರೂಮಿನ ಜನ ಅವನನ್ನು ಅಣ್ಣ ಅಂದದ್ದು ಇದೇ ಮೊದಲು. ಹಜ್ವಾನ್ ಲೋಟದ ತಳದ ಚಹಾ ಮುಗಿಸಿ, ಲೋಟವನ್ನು ಇಟಲಿಯ ಮೇಲೆ ಇಟ್ಟ.

"ಗೊತ್ತು," ಅಂದ. "ಸ್ವಲ್ಪ ಸಿಡುಕ. ಕೇಳಿ ನೋಡ್ತೀನಿ, ಅವನಿಗೆ ಪುರುಸೊತ್ತಿದೆಯೋ ಇಲ್ವೋ."

ರೊಕಿಯಾ ಅವನ ಕಡೆ ನೋಡಲಿಲ್ಲ. ಅರಿಸಿನದ ಡಬ್ಬಿಯ ಮುಚ್ಚಳವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಿಗಿ ಮಾಡುತ್ತಿದ್ದಳು, ಅವಳ ಹೆಗಲು ನಗುವಿಗೆ ಕುಲುಕುತ್ತಿತ್ತು. "ಬಾಯಿ ಜೋರಿರೋನಾದ್ರೂ ಪರವಾಗಿಲ್ಲ ಅಂತ ಹೇಳು," ಅಂದಳು. "ಊಟ ಹಾಕ್ತೀನಿ."

ಹೊರಡುವಾಗ ಇನ್ನೊಂದು ನೆನಪಾಗಿ ಬಾಗಿಲಲ್ಲಿ ನಿಂತಳು. "ಸಿಂಕಿಗೆ ತೂತು ಕೊಯ್ತೀರಲ್ಲ, ಆ ತುಂಡು ಎಲ್ಲಿ ಹೋಗುತ್ತೆ?"

ಲಿಯೋಂಗ್ ಹಜ್ವಾನನನ್ನು ನೋಡಿದ. ಹಜ್ವಾನ್ ಚಾವಣಿ ನೋಡಿದ.

"ಅದೂ ನಂದೇ ಅಲ್ವಾ?" ಅಂದಳು ರೊಕಿಯಾ. "ಅದೂ ಕಳ್ಸು." ಬಾಗಿಲು ತಾನಾಗಿ ತೆರೆದುಕೊಂಡಿತು.

ಮೂರು ವಾರದ ಮೇಲೆ ಒಂದು ಗುರುವಾರ ಕಟ್ಟೆ ಬಂತು. ಹಜ್ವಾನನೂ ಅವನ ಜೊತೆಗಾರನೂ ಹೊತ್ತು ತಂದು, ಮಟ್ಟ ನೋಡಿ, ಅಂಟು ಬಳಿದು ಕೂಡಿಸಿದರು. ಸಿಂಕಿನ ತುಂಡನ್ನು ರೊಕಿಯಾ ನೆಲದ ಮೇಲೆ ಹಾಕಿಸಿ, ಅದರ ಮೇಲೆ ಕುಟ್ಟಾಣಿ ಇಟ್ಟುಕೊಂಡು, ಕಾಲು ಮಡಚಿ ಕೂತು ಮಧ್ಯಾಹ್ನದ ಸಂಬಲ್ ಕುಟ್ಟಿದಳು. ಜೊತೆಗಾರ ಮೂರು ಸಲ ಅನ್ನ ಹಾಕಿಸಿಕೊಂಡು ಹೋದ.

ಹಜ್ವಾನ್ ಮೈಮೇಲಿನ ಬಿಳಿ ಪುಡಿ ತೊಳೆದುಕೊಂಡು, ತಲೆ ಒರೆಸುತ್ತ ಅಡುಗೆಮನೆಗೆ ಬಂದರೆ ಕಟ್ಟೆ ಇರಲಿಲ್ಲ. ಕಟ್ಟೆಯ ಜಾಗದಲ್ಲಿ ಗೋಡೆಯಿಂದ ಗೋಡೆಗೆ ಕೆಂಪು ದಾಸವಾಳ ಹೂವಿನ ಪ್ಲಾಸ್ಟಿಕ್ ಹಾಸು ಹರಡಿತ್ತು. ನಾಲ್ಕು ಮೂಲೆಗೂ ಟೇಪು.

"ಅಮ್ಮ." ಅವನ ದನಿ ಏರಿತು. "ಇಟಲಿ, ಕೊರಿಯಾ ಅಂತ ಊರಿಗೆಲ್ಲ ಅರಿಸಿನ ಬಳಿದು ಬಂದು, ಈಗ ಇದಾ?"

"ಕೊಳೆ ಆಗುತ್ತಲ್ಲೋ."

"ಕೊಳೆ ಆಗಲ್ಲ ಅಂತ ತಾನೇ ತಂದಿದ್ದು? ಯಾವಾಗ ತೆಗೀತೀಯ?"

"ಹಬ್ಬಕ್ಕೆ," ಅಂದಳು ರೊಕಿಯಾ. ಅವಳ ಫೋನು ಬಡಿದುಕೊಂಡಿತು. ಆಂಟಿ ಕ್ವಾನ್. ಅಲ್ಲಿ ಸೊಸೆಗೂ ಅತ್ತೆಗೂ ಕರಿ ಕಲ್ಲಿನ ಮೇಲೆ ಒಪ್ಪಂದವಾಗಿತ್ತೋ ಏನೋ, ಫೋನಿನೊಳಗಿನ ನಗು ಕೋಣೆಯ ಈ ಮೂಲೆಗೂ ಕೇಳುತ್ತಿತ್ತು. ಇನ್ನೂ ಒಂದಿಷ್ಟು ಬೈಯುವುದಿತ್ತು ಅಂತ ಹಜ್ವಾನ್ ಬಾಗಿಲಿಗೆ ಒರಗಿ ಕಾದ.

ರೊಕಿಯಾ ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ದಾಸವಾಳಗಳಿಗೆ ಒರಗಿ ನಿಂತು ಮಾತಾಡುತ್ತಿದ್ದಳು. ಎಡಗೈ ಗಾಳಿಯಲ್ಲಿ ಏನನ್ನೋ ವರ್ಣಿಸುತ್ತಿತ್ತು. ಬಲಗೈ ಹಾಸಿನ ಕೆಳಗೆ, ಅಂಚಿನ ಅಡಿಯಲ್ಲಿ, ಅವಳಿಗೇ ಗೊತ್ತಿಲ್ಲದ ಹಾಗೆ ಒಲೆಯಿಂದ ಸಿಂಕಿನವರೆಗೆ ಹೋಗುತ್ತಿತ್ತು, ಸಿಂಕಿನಿಂದ ಒಲೆಯವರೆಗೆ ಬರುತ್ತಿತ್ತು.